ಜೊಳ್ಳೆಂದ ಹುಲ್ಲುಬೀಜ

ಬಂಡೂರು,
ಮಳವಳ್ಳಿ ತಾಲ್ಲೂಕು,
೧೮–೧೨–೧೯೪೪

ಪ್ರೀತಿಯ ಅಕ್ಕಾ,

ಪುಟ್ಟಿಗೆ ಜ್ವರ ಬಿಟ್ಟಿತೇ? ಭಾವನವರ ಮೊಣಕಾಲು ನೋವು ಹೇಗಿದೆ? ಎಲ್ಲರಿಗೂ ಬಡಿಸಿ, ಕಡೆಗೆ ತಣ್ಣಗಾದ ಮುದ್ದೆ ತಿನ್ನುವ ಅಭ್ಯಾಸವನ್ನು ನೀನು ಬಿಟ್ಟೆಯೋ ಇಲ್ಲವೋ? ನಾನು ಆರೋಗ್ಯವಾಗಿದ್ದೇನೆ ಎಂದು ಬರೆಯಬೇಕು. ದೇಹವೇನೋ ಸರಿಯಾಗಿದೆ. ಆದರೆ ಈ ಕಾಗದವನ್ನು ಎರಡು ಸಲ ಹರಿದು ಮತ್ತೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನನ್ನ ಕೆಲಸವೇನೆಂದು ನೀನು ಕೇಳಿದಾಗಲೆಲ್ಲ ನಾಚಿಕೆಯಿಂದ ಮಾತು ತೇಲಿಸಿದ್ದೇನೆ. ಕನ್ನಡದಲ್ಲಿ ಬಿ.ಎ. ಮಾಡಿದವನು ಹುಲ್ಲು ಕಾಯುತ್ತಾನೆ ಎಂದು ಹೇಗೆ ಹೇಳಲಿ? ಕುರಿ ವ್ಯಾಪಾರದ ಅಸದುಲ್ಲಾ ಸಾಹೇಬರು ಇಲ್ಲಿ ನಾಲ್ಕು ಎಕರೆಗೆ ಬೇಲಿ ಹಾಕಿಸಿ, ಕುರಿ ಮೇದು ಮೇದು ಬೋಳಾದ ಗೋಮಾಳಕ್ಕೆ ಬಿತ್ತಲೆಂದು ಈ ನೆಲದ ಹುಲ್ಲನ್ನೇ ಬೀಜಕ್ಕಾಗಿ ಬೆಳೆಸುತ್ತಾರೆ. ಇದು ಮೊದಲ ಫಸಲು. ಮೇಲ್ವಿಚಾರಣೆ ನನ್ನದು. ಹೆಸರಿಗೆ ನನ್ನದು, ಅಷ್ಟೆ; ನಡೆಸುತ್ತಿದ್ದವಳು ಇದೇ ಊರಿನ ಹಿರಿಯ ಕೂಲಿ ಹೆಂಗಸು ಬೆಳ್ಳಮ್ಮ. ರಾಗಿಯ ಹಾಗೆ ಒಂದೇ ದಿನ ಕುಯ್ಯುವ ಬೆಳೆಯಲ್ಲ ಇದು. ತೆನೆಯ ತುದಿ ಮಾಗಿ ಉದುರುವಾಗ ಬುಡ ಇನ್ನೂ ಹಸಿರಾಗಿರುತ್ತದೆ. ಆಕೆ ಐದಾರು ಹೆಂಗಸರೊಂದಿಗೆ ಇಬ್ಬನಿ ಆರಿದ ಮೇಲೆ ಸಾಲಿಗಿಳಿದು, ತೆನೆಯನ್ನು ಬೆರಳ ಸಂದಿಯಲ್ಲಿ ಸವರಿ, ಬಂದಷ್ಟನ್ನು ಮಡಿಲಿಗೆ ಹಾಕಿಕೊಳ್ಳುವಳು. ಬಾರದ್ದನ್ನು ಎಳೆಯಬಾರದು, ಎರಡು ದಿನ ಬಿಟ್ಟು ಮತ್ತೆ ಅದೇ ಸಾಲು. ಒಮ್ಮೆ ನಾನು ಕುಡುಗೋಲು ತರಲೇ ಎಂದಾಗ ಕೂಲಿಯ ಪುಟ್ಟಮಾದಮ್ಮ, "ಓದಿದೋರು ಉಲ್ಲು ತಿನ್ನಕಿಲ್ವಲ್ಲ, ಎಂಗ್ ಗೊತ್ತಾದದು ಬುಡಿ" ಎಂದು ಎಲ್ಲರನ್ನೂ ನಗಿಸಿದ್ದಳು.

ಹೋದ ತಿಂಗಳು ಎಂಟು ಮೂಟೆ ಬೀಜವಾಯಿತು. ಪರೀಕ್ಷಿಸಿ ನೋಡೆಂದು ಸಾಹೇಬರು ಹೇಳಿದರು. ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ. ಹನ್ನೆರಡು ದಿನ ಕಾದೆ. ಒಂದೂ ಮೊಳೆಯಲಿಲ್ಲ. ಸಾಹೇಬರು ಆಳುಗಳೆಲ್ಲರ ಎದುರಿಗೆ, "ಏನಪ್ಪಾ ಬಿ.ಎ., ನೀನೇ ಹೇಳ್ಬುಡು" ಎಂದರು. ಜನರ ಮುಂದೆ ಬಾಯಿಬಿಡದ ನಾನು ಅವತ್ತು ಮಾತ್ರ ಸ್ಪಷ್ಟವಾಗಿ, "ಎಲ್ಲ ಜೊಳ್ಳು, ಮೂಟೆಗೆ ಹೊಟ್ಟು ತುಂಬಿದ್ದಾರೆ" ಎಂದೆ. ಬೆಳ್ಳಮ್ಮ ನನ್ನ ಕಡೆ ತಿರುಗಿ, "ಒಸಾ ಬೀಜ ಕಣಪ್ಪಾ, ಇನ್ನೂ ನಿದ್ದೇಲಿ ಅದೆ. ಮುಂಗಾರ್ಗೆ ಏಳ್ತದೆ, ಅಲ್ಲೀಗಂಟ ಸುಮ್ಕಿರು" ಎಂದಳು. ತಪ್ಪು ಮುಚ್ಚಿಕೊಳ್ಳಲು ಕಥೆ ಕಟ್ಟುತ್ತಿದ್ದಾಳೆ ಎಂದುಕೊಂಡೆ. ನಾಳೆಯಿಂದ ಬರಬೇಡ ಎಂದು ಸಾಹೇಬರು ಆಕೆಗೆ ಹೇಳಿದರು. ಎಂಟು ಮೂಟೆಯನ್ನೂ ಕುರಿ ದೊಡ್ಡಿಗೆ ಸುರಿಸಿದರು. ಆಕೆ ಮಡಿಲು ಕೊಡವಿ, ಹಿಂತಿರುಗಿ ನೋಡದೆ ಹೋದಳು.

ಐದು ದಿನದ ಹಿಂದೆ ಕೊಟ್ಟಿಗೆ ಗುಡಿಸಿದಾಗ, ಬೆಳ್ಳಮ್ಮ ಹೋದ ವರ್ಷ ಬಯಲಿನಲ್ಲಿ ಸವರಿ ತಂದಿಟ್ಟಿದ್ದ ಇದೇ ಬೀಜದ ಪುಟ್ಟ ಮಡಕೆ ಸಿಕ್ಕಿತು. ಸುಮ್ಮನೆ ಅದರಿಂದಲೂ ನೂರು ಕಾಳು ಗೋಣಿಗೆ ಹಾಕಿದೆ. ಇವತ್ತು ಬಿಚ್ಚಿದರೆ, ಅಕ್ಕಾ, ಗೋಣಿಯ ತುಂಬ ಬಿಳಿ ಬೇರು, ಸೂಜಿಯಂಥ ಮೊಳಕೆ! ಎಣಿಸುತ್ತಾ ಹೋದೆ. ಎಂಬತ್ತಕ್ಕೆ ನಿಲ್ಲಿಸಿದೆ; ಆಕೆ ಹೇಳಿದ ಹಾಗೆಯೇ, ಮಲಗಿದ್ದ ಬೀಜ ಎದ್ದಿತ್ತು. ಆಮೇಲೆ ನನ್ನ ಮೇಜಿನ ಮೇಲೆ ಉಳಿದಿದ್ದ ಹೊಸ ಬೀಜವನ್ನು ಉಗುರಿನಲ್ಲಿ ಸುಲಿದೆ. ಒಳಗೆ ಗಟ್ಟಿ ಕಾಳು. ಇನ್ನೊಂದು ಸುಲಿದೆ. ಅದರಲ್ಲೂ ಕಾಳು. ಹನ್ನೆರಡು ದಿನ ಕಾದವನು ಒಂದೇ ಒಂದನ್ನೂ ಸುಲಿದು ನೋಡಿರಲಿಲ್ಲವಲ್ಲ! ದೊಡ್ಡಿಗೆ ಓಡಿದೆ. ಗಂಜಲ, ಹಿಕ್ಕೆ, ಕೆಸರು. ಆರಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ಹುಟ್ಟಿದಾಗಿನಿಂದ ಈ ಹುಲ್ಲನ್ನು ನೋಡಿಕೊಂಡು ಬಂದವಳನ್ನು ನಾನು ಮೋಸಗಾತಿ ಮಾಡಿಬಿಟ್ಟೆ. ಸಾಹೇಬರಿಗೆ ಹೋಗಿ ಹೇಳಿದೆ. ಅವರು ಮೊಳಕೆಯ ಗೋಣಿಯನ್ನು ತರಿಸಿ ತಾವೇ ಬಿಚ್ಚಿ ನೋಡಿದರು. ಕಡೆಗೆ, "ಆಯಮ್ಮನ್ನ ಕರ್ಕೊಂಡ್ ಬಾ. ಇಲ್ದಿದ್ರೆ ನೀನೂ ಬರ್ಬ್ಯಾಡ" ಎಂದರು.

ಭಾವನವರಿಗೆ ನಮಸ್ಕಾರ. ಪುಟ್ಟಿಗೆ ಸೋದರಮಾವನ ಆಶೀರ್ವಾದ. ಗಂಜಿ ಕುಡಿಯದಿದ್ದರೆ ಗದರಿಸಬೇಡ, ಪುಸಲಾಯಿಸು.

ನಿನ್ನ ತಮ್ಮ,
ಹೊನ್ನಯ್ಯ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿದದ್ದು: ಬೆಳ್ಳಮ್ಮ ಈಗ ನಿಮ್ಮ ಬೆಸಗರಹಳ್ಳಿಯಲ್ಲೇ, ಮಗಳು ಚಿಕ್ಕಮಾದಮ್ಮನ ಮನೆಯಲ್ಲಿದ್ದಾಳೆ. ಹೊಟ್ಟು ತುಂಬಿದವಳೆಂಬ ಮಾತು ಅಲ್ಲಿಗೂ ಮುಟ್ಟಿ, ಯಾರೂ ಕೂಲಿಗೆ ಕರೆಯುತ್ತಿಲ್ಲವಂತೆ. ಭಾನುವಾರದ ಬಸ್ಸಿಗೆ ಬರುತ್ತೇನೆ. ಭಾವನವರಿಗೆ ಹೇಳಿ ಆ ಮನೆಯ ಬಾಗಿಲಲ್ಲಿ ಹತ್ತು ಜನರನ್ನು ಸೇರಿಸು. ತಪ್ಪು ನನ್ನದೆಂದು ಆಕೆಯೊಬ್ಬಳ ಕಿವಿಗೆ ಮೆಲ್ಲಗೆ ಹೇಳಿ ಮುಗಿಸಿಬಿಡಲು ನೋಡಿಯೇನು. ಹಾಗೆ ಮಾಡಲು ನನ್ನನ್ನು ಬಿಡಬೇಡ.