ಇರಾಲದ ಪದಕೋಶ

ಶಿವಮೊಗ್ಗ
೧೮ ಫೆಬ್ರವರಿ ೨೦೨೫

ಪ್ರೀತಿಯ ನಿರುವಿಗೆ,

ನಿನ್ನ ಅಕ್ಕ ರಾಜಿಯ ಆಶೀರ್ವಾದ. ನೀನೂ ಶೀಲಾನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಇಪ್ಪತ್ತೆರಡು ದಿನಗಳಿಂದ ನೀನು ಮಾಡಿದ ಒಂದು ಫೋನನ್ನೂ ನಾನು ಎತ್ತಲಿಲ್ಲ, ತಪ್ಪಾಯಿತು. ವಾಟ್ಸಾಪಿನಲ್ಲಿ ನಾಲ್ಕು ಸಲ ಬರೆದು ಅಳಿಸಿದೆ. ನಿನ್ನ ಭಾವ ನೋಡಿ ನೋಡಿ ಸಾಕಾಗಿ, "ಮಾರಾಯ್ತಿ, ಅಳಿಸೋಕೆ ಬರದ ಹಾಗೆ ಪೆನ್ನಲ್ಲಿ ಬರಿ" ಎಂದು ಅಂಗಡಿಯ ಲೆಟರ್‌ಹೆಡ್ ತಂದುಕೊಟ್ಟರು. ಹಾಳೆಯ ಮೇಲ್ಗಡೆ ನಮ್ಮ ಸೀರೆ ಅಂಗಡಿಯ ಹೆಸರಿದೆ ಎಂದು ನಗಬೇಡ.

ಇಲ್ಲಿ ಎಲ್ಲ ಮಾಮೂಲು. ಮದುವೆ ಸೀಸನ್, ಗಾಂಧಿ ಬಜಾರ್‌ನಲ್ಲಿ ಕಾಲಿಡಲು ಜಾಗವಿಲ್ಲ. ಕುಂಸಿಯಿಂದ, ಆಯನೂರಿನಿಂದ ಮನೆಮಂದಿಯೆಲ್ಲ ಬಂದು ಕೂರುತ್ತಾರೆ, ಮೂವತ್ತು ಸೀರೆ ಬಿಚ್ಚಿಸಿ ಮೊದಲು ನೋಡಿದ್ದನ್ನೇ ಒಯ್ಯುತ್ತಾರೆ. ನನ್ನ ಮಂಡಿನೋವು ಹಾಗೇ ಇದೆ.

ನಿನ್ನ ನಾಟಕ ಚೆನ್ನಾಗಿತ್ತು. ಅದನ್ನು ಅವತ್ತೇ ಹೇಳಬೇಕಿತ್ತು. ನಿನ್ನ ಭದ್ರಾವತಿಯ ಶಾಲೆಯ ಮಕ್ಕಳು ಇರಾಲ ಗ್ರಹದವರಾಗಿ, ಇರಾಲದ ಭಾಷೆಯಲ್ಲಿ ಜಗಳವಾಡುತ್ತಾ ರಂಗದ ಮೇಲೆ ಬಂದಾಗ ನನ್ನ ಮೈ ಜುಮ್ಮೆಂದಿತು. ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನಾವಿಬ್ಬರೂ ಕಟ್ಟಿದ ಭಾಷೆ! ಆಗ ನನಗೆ ಹನ್ನೆರಡು, ನಿನಗೆ ಎಂಟು. ನಿನ್ನ ಹೆಸರು ಹೇಳುವಾಗಲೂ ನೀನು ತೊದಲುತ್ತಿದ್ದೆ, ಶಾಲೆಯಲ್ಲಿ ಹುಡುಗರು "ನಿ-ನಿ-ನಿ" ಎಂದು ಅಣಕಿಸುತ್ತಿದ್ದರು. ಯಾರಿಗೂ ಗೊತ್ತಿಲ್ಲದ ಭಾಷೆಯಾದರೆ ಅದರಲ್ಲಿ ತಪ್ಪು ಹಿಡಿಯುವವರೂ ಇರುವುದಿಲ್ಲ ಎಂದು ನನಗೆ ಹೊಳೆದದ್ದು ಆಗಲೇ.

ನಾಪ ಅಂದರೆ ತಂಗಳು ರೊಟ್ಟಿ. ತೊಯಿಲ ಅಂದರೆ ಕಾರ್ಖಾನೆಯ ಸೈರನ್ ಕೂಗಿದ ಮೇಲೆ ಅಪ್ಪನ ಸೈಕಲ್ ಬಾಗಿಲಿಗೆ ಬರುವವರೆಗಿನ ಹೊತ್ತು. ಹೂಲೆ ಅಂದರೆ ಮಾತು ಬಾಯಿಂದ ಹೊರಡುವ ಮುಂಚಿನ ಮೌನ. ಇರಾಲದಲ್ಲಿ ಯಾರ ಹೂಲೆ ಉದ್ದವೋ ಅವರೇ ದೊಡ್ಡ ಮನುಷ್ಯರು. ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಿಕೊಡುವುದು ಅಲ್ಲಿ ಅಪರಾಧ. ಆ ಕಾನೂನು ಮಾಡಿದವಳು ನಾನು. ಆ ಭಾಷೆಯಲ್ಲಿ ನೀನು ಒಂದು ಸಲವೂ ತಡವರಿಸಲಿಲ್ಲ.

ಕಳೆದ ಯುಗಾದಿಗೆ ಭದ್ರಾವತಿಗೆ ಬಂದಿದ್ದೆನಲ್ಲ, ಹಬ್ಬದ ಮರುದಿನ ಬೆಳಿಗ್ಗೆ ಶೀಲಾ ಅಡುಗೆಮನೆಯಿಂದ, "ರೀ, ನಾಪ ಇದೆ, ಬಿಸಿ ಮಾಡ್ಲಾ?" ಎಂದು ಕೂಗಿದಳು. ನೀನು ಇರಾಲದಲ್ಲೇ ಏನೋ ಉತ್ತರ ಕೊಟ್ಟೆ. ಅವಳು ಗೊಳ್ಳೆಂದು ನಕ್ಕಳು. ನನಗೆ ಅರ್ಥವಾಗಲಿಲ್ಲ, ನಿರು. ನಾನಿಲ್ಲದಾಗ ಹುಟ್ಟಿದ ಪದ ಅದು. ಕೇಳಿದರೆ ಹೇಳುತ್ತಿದ್ದಿರಿ. ಆದರೆ ಆ ಭಾಷೆಯಲ್ಲಿ ನಾನು ಇನ್ನೊಬ್ಬರನ್ನು ಅರ್ಥ ಕೇಳುವುದೇ? ತಟ್ಟೆಯಲ್ಲಿದ್ದ ಒಬ್ಬಟ್ಟನ್ನು ಹಾಗೇ ಬಿಟ್ಟು ಎದ್ದೆ. ತಮ್ಮನ ಹೆಂಡತಿಯಾಗಿ ಬಂದವಳ ಮೇಲೆ ಈ ವಯಸ್ಸಿನಲ್ಲಿ ಇಷ್ಟು ಹೊಟ್ಟೆಕಿಚ್ಚು ಹುಟ್ಟುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ಒಳ್ಳೆಯವಳು ಅನ್ನುವುದೇ ಇನ್ನೂ ಉರಿಸುತ್ತಿತ್ತು.

ಹಾಗಿರುವಾಗ ನಾಟಕದ ದಿನ ಬಾಗಿಲಲ್ಲಿ ಆ ಪುಸ್ತಿಕೆ ಕೈಗೆ ಬಂತು. ಇರಾಲದ ನಾನೂರು ಪದಗಳು, ಅಂದವಾಗಿ ಅಚ್ಚಾಗಿದ್ದವು. ಕೆಳಗೆ, "ಪದಕೋಶ: ಶೀಲಾ ನಿರಂಜನ್." ಡಿಟಿಪಿ ಮಾಡಿದವಳು ಅವಳೇ, ಹೆಸರು ಹಾಕಿಕೊಂಡರೆ ತಪ್ಪೇನು? ನಾನು ಹಾಗೆ ಯೋಚಿಸಲಿಲ್ಲ. ನಾಟಕ ನಡೆಯುವಾಗಲೂ ಫೋನಿನ ಬೆಳಕಿನಲ್ಲಿ ತಪ್ಪು ಹುಡುಕುತ್ತಾ ಕೂತಿದ್ದೆ. ಸಿಕ್ಕಿತು. "ಹೂಲೆ: ಭಯ."

ಕೊನೆಯಲ್ಲಿ ಪ್ರೇಕ್ಷಕರು ನಿನ್ನೊಡನೆ ಮಾತಾಡುವಾಗ ಎದ್ದು ನಿಂತೆನಲ್ಲ, ಆ ಪದಕ್ಕಾಗಿ ನಿಂತೆ ಎಂದು ಎಲ್ಲರೂ ತಿಳಿದರು. "ಹೂಲೆ ಅಂದ್ರೆ ಭಯ ಅಲ್ಲ. ಗೊತ್ತಿಲ್ದೋರು ಪದಕೋಶ ಮಾಡೋಕೆ ಹೋಗ್ಬಾರ್ದು" ಎಂದೆ. ತುಂಬಿದ ಸಭೆ, ಮಕ್ಕಳ ತಂದೆತಾಯಂದಿರು. ಶೀಲಾ ಮೈಕ್ ಹಿಡಿದುಕೊಂಡೇ, "ತಿದ್ಕೊಳ್ತೀನಿ ಅಕ್ಕ" ಎಂದಳು. ಅವಳ ಮುಖ ಬಾಡಿತು. ನನಗೆ ಆ ಗಳಿಗೆಯಲ್ಲಿ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಆಯಿತು. ಊಟಕ್ಕೂ ನಿಲ್ಲದೆ ಮನೆಗೆ ಬಂದೆ.

ಕಳೆದ ಗುರುವಾರ ಮಧ್ಯಾಹ್ನ ಅವಳು ಅಂಗಡಿಗೆ ಬಂದಿದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ಬಸ್ಸಿನಲ್ಲಿ ಬಂದಿದ್ದಳು, ಬೆವರಿದ್ದಳು. ಗಿರಾಕಿಗಳ ನಡುವೆ ಕೂತು ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು.

"ಅಕ್ಕ, ಇನ್ನೊಂದು ಸಲ ಪ್ರಿಂಟ್ ಮಾಡಿಸ್ಬೇಕು ಅಂತಿದೀವಿ. ಹಳೇ ಪದಗಳನ್ನ ನೀವೇ ಹೇಳಿ, ನಾನು ಬರ್ಕೊಳ್ತೀನಿ. ಅವ್ರಿಗೆ ಅರ್ಧ ಮರ್ತುಹೋಗಿದೆ."

"ನಂಗೂ ನೆನಪಿಲ್ಲಮ್ಮ" ಎಂದೆ. "ಮಕ್ಕಳಾಟ ಅದು. ಎಷ್ಟು ವರ್ಷ ಆಯ್ತು!"

ಅವಳು ನೋಟ್‌ಬುಕ್ ಮುಚ್ಚಲಿಲ್ಲ. ಕೆಳದನಿಯಲ್ಲಿ, "ಹೂಲೆ ಅಂದ್ರೆ ಭಯ ಅಂತ ಅವ್ರೇ ಹೇಳಿದ್ದು ಅಕ್ಕ. ನಾನಾಗಿ ಬರೀಲಿಲ್ಲ" ಎಂದಳು. ಸಭೆಯಲ್ಲಿ ಅಷ್ಟು ಅವಮಾನವಾದರೂ ಈ ಮಾತನ್ನು ಅವಳು ಅಲ್ಲಿ ಹೇಳಿರಲಿಲ್ಲ. ನಿನ್ನ ಹೆಸರು ಎಳೆಯಲಿಲ್ಲ. ನಾನು ಸೀರೆ ಮಡಿಸುತ್ತಲೇ ಇದ್ದೆ. ಅವಳು ಕಾಫಿಯನ್ನೂ ಕುಡಿಯದೆ ಎದ್ದು ಹೋದಳು.

ಅವಳು ತಿರುವಿನಲ್ಲಿ ಮರೆಯಾದ ಮೇಲೆ ನಿನ್ನ ಭಾವ ಗಲ್ಲಾಪೆಟ್ಟಿಗೆಯ ಹಿಂದಿನಿಂದ, "ಮದ್ವೆ ಆದ ಹೊಸದ್ರಲ್ಲಿ ನನಗೇ ಐವತ್ತು ಪದ ಕಲ್ಸಿದ್ದೆ. ಈಗ ನೆನಪಿಲ್ಲ ಅಂತೀಯಲ್ಲ" ಎಂದರು. ನೋಡು, ನಾನೂ ಕಲಿಸಿದ್ದೆ! ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮರುದಿನದಿಂದ ಬರೆಯಲು ಕೂತೆ. ನೂರಾ ಹದಿನಾರು ಪದಗಳು ನೆನಪಾದವು, ಈ ಪತ್ರದ ಜೊತೆ ಇಟ್ಟಿದ್ದೇನೆ. ಶೀಲಾಗೆ ಕೊಡು. ಅಂಗಡಿಯಲ್ಲಿ ಹೇಳಿದ್ದು ಸುಳ್ಳು ಎಂದು ನೀನು ಹೇಳಬೇಡ, ಭಾನುವಾರ ಬಂದು ನಾನೇ ಹೇಳುತ್ತೇನೆ. ಸಭೆಯಲ್ಲಿ ಆಡಿದ ಮಾತಿಗೂ ಅವಳ ಹತ್ತಿರ ಕ್ಷಮೆ ಕೇಳಬೇಕು. ಪುಸ್ತಿಕೆಯಲ್ಲಿ ನನ್ನ ಹೆಸರು ಬೇಡ. ಹಾಕಿದರೆ ತೆಗೆಯಿರಿ ಎಂದೇನೂ ಅನ್ನುವುದಿಲ್ಲ.

ಹೂಲೆ ನಿನಗೆ ಭಯವೇ ಆಗಿತ್ತಾದರೆ ಭಯ ಅಂತಲೇ ಇರಲಿ. ಅನುಭವಿಸಿದವನು ನೀನು. ನಾನು ಹೊರಗೆ ನಿಂತು ಅದಕ್ಕೆ ಗೌರವದ ಬಣ್ಣ ಹಚ್ಚಿದವಳು. ನನ್ನ ಅರ್ಥವನ್ನು ಎರಡನೆಯದಾಗಿ ಹಾಕಿದರೆ ಸಾಕು.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ನಿಮ್ಮ ಮನೆಯಲ್ಲಿ ಹೊಸ ಹೊಸ ಪದಗಳು ಹುಟ್ಟುತ್ತಿರಲಿ. ನನಗೂ ಆಗಾಗ ಹೇಳಿಕೊಡಿ.

ಇತಿ ನಿನ್ನ ಅಕ್ಕ,
ಬಸವರಾಜೇಶ್ವರಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗದೇ ಇದ್ದದ್ದು. ಅವತ್ತು ನಾನು ಎದ್ದು ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಒಂದು ಪುಟ್ಟ ಹುಡುಗಿ, "ಸರ್, ಈ ಭಾಷೆ ನೀವು ಯಾರ ಜೊತೆ ಮಾಡಿದ್ರಿ?" ಎಂದು ಕೇಳಿದಳು. ನೀನು, "ಯಾರ ಜೊತೆನೂ ಇಲ್ಲಮ್ಮ. ಆಗ ನನ್ನ ಹತ್ರ ಮಾತಾಡೋರೇ ಯಾರೂ ಇರ್ಲಿಲ್ಲ" ಎಂದೆ. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ, ನಿರು. ಎದ್ದು ನಿಂತದ್ದು ಆ ಮಾತಿಗೆ. ಅಷ್ಟು ಜನರ ಮುಂದೆ, ಕನ್ನಡದಲ್ಲಿ, ಎಲ್ಲಿಯೂ ತಡವರಿಸದೆ ನೀನು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.