ಸಹಿಯ ಮೇಲಿನ ಎರಡು ಸಾಲು

ನಿಟ್ಟೂರು ಅಂಚೆ,
ಅಕ್ಟೋಬರ್ 2008

ಕೊತ್ತಗೆರೆಯ ಗುಂಡಯ್ಯನವರಿಗೆ, ನಿಮ್ಮ ಹಳೇ ಅಧ್ಯಕ್ಷೆ ಪುಟ್ಟತಾಯಮ್ಮ ಮಾಡುವ ನಮಸ್ಕಾರಗಳು.

ಹನ್ನೊಂದು ವರ್ಷದ ಮೇಲೆ ಈ ಹೆಂಗಸಿಗೆ ನನ್ನ ನೆನಪು ಯಾಕೆ ಬಂತಪ್ಪಾ ಎಂದು ಗಾಬರಿಯಾಗಬೇಡಿ. ನಿಮ್ಮ ಪಿಂಚಣಿಗೇನೂ ಕುತ್ತು ಬಂದಿಲ್ಲ. ಬರುವ ಹಾಗಿತ್ತು, ತಪ್ಪಿತು. ನನಗೀಗ ನಿಮ್ಮಿಂದ ಒಂದೇ ಒಂದು ವಿಷಯ ಗೊತ್ತಾಗಬೇಕು. ಅದು ಗೊತ್ತಾಗದೆ ಎರಡು ವಾರದಿಂದ ಅನ್ನ ರುಚಿಸುತ್ತಿಲ್ಲ ಎಂದರೆ ಸುಳ್ಳಾದೀತು, ಅನ್ನ ರುಚಿಸುತ್ತಿದೆ, ಆದರೆ ತಿನ್ನುವಾಗಲೂ ಅದೇ ಯೋಚನೆ.

ನಮ್ಮ ಪಂಚಾಯಿತಿಗೆ ನೀವು ಸೆಕ್ರೆಟರಿಯಾಗಿದ್ದಾಗ ನಡಾವಳಿ ಪುಸ್ತಕ ಬರೆಯುತ್ತಿದ್ದ ರೀತಿ ನೆನಪಿದೆಯೇ? ಸಭೆಯಲ್ಲಿ ನಾವು ಕಿತ್ತಾಡುತ್ತಿರುವಾಗ ನೀವು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಿರಿ. ಪುಸ್ತಕಕ್ಕೆ ಚೊಕ್ಕವಾಗಿ ಬರೆಯುವುದು ಆಮೇಲೆ. ಆದರೆ ಸದಸ್ಯರು ಆಮೇಲಿನ ತನಕ ಕೂರುವ ಪೈಕಿಯಲ್ಲ. ಖಾರಾಬೂಂದಿ ತಿಂದು ಟೀ ಕುಡಿದು, ಗುಬ್ಬಿ ಬಸ್ಸಿನ ಹಾರನ್ನು ಕೇಳಿದ ಕೂಡಲೇ ಎದ್ದುಬಿಡುತ್ತಿದ್ದರು. ಅದಕ್ಕೇ ನೀವು ಇಷ್ಟು ಜಾಗ ಬೇಕಾದೀತೆಂದು ಅಂದಾಜಿನ ಮೇಲೆ ಪುಟ ಖಾಲಿ ಬಿಟ್ಟು, ಕೆಳಗೆ ಎಲ್ಲರ ಸಹಿ ಮೊದಲೇ ಹಾಕಿಸಿಕೊಳ್ಳುತ್ತಿದ್ದಿರಿ. ದರ್ಜಿ ಚಿಕ್ಕ ಮಕ್ಕಳ ಲಂಗಕ್ಕೆ ಒಳಗಡೆ ಬಟ್ಟೆ ಮಡಚಿ ಬಿಡುತ್ತಾನಲ್ಲ, ಹಾಗೆ.

ನಾನು ಏಳನೇ ಕ್ಲಾಸು ಓದಿದವಳು. ಮೀಸಲಾತಿಯಿಂದ ಕುರ್ಚಿಗೆ ಬಂದವಳಾದರೂ ಖಾಲಿ ಹಾಳೆಗೆ ಸಹಿ ಹಾಕಬಾರದು ಎನ್ನುವಷ್ಟು ಬುದ್ಧಿ ಇತ್ತು. “ಇದೇನು ಗುಂಡಯ್ಯನೋರೆ, ಬರೀ ಹಾಳೆಗೆ ಸಹಿನಾ?” ಎಂದು ಮೊದಲನೇ ಸಭೆಯಲ್ಲೇ ಕೇಳಿದ್ದೆ. ನೀವು ಕನ್ನಡಕ ಒರೆಸುತ್ತಾ, “ಮುಂದಿನ್ ಮೀಟಿಂಗಲ್ಲಿ ಓದಿ ಹೇಳ್ತೀನಲ್ಲ ಮೇಡಂ, ತಪ್ಪಿದ್ರೆ ಆಗ ಹೇಳಿ. ಅದಕ್ಕೇ ಅಲ್ವಾ ಓದೋದು,” ಎಂದಿರಿ. ಆ ಮಾತು ನಾನು ಮರೆತೇಬಿಟ್ಟಿದ್ದೆ. ಮರೆಯಬಾರದಾಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. 1996ರ ಜೂನ್ ತಿಂಗಳ ಸಭೆ. ನಮ್ಮೂರಿಗೆ ನೀರು ಬಿಡುತ್ತಿದ್ದ ಚೌಡಪ್ಪ ಟ್ಯಾಂಕಿನ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಎಂಟು ತಿಂಗಳಾಗಿತ್ತು. ಇನ್ನು ಏಳುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಆ ಜಾಗಕ್ಕೆ ಬೇರೆಯವರನ್ನು ನೇಮಿಸಬೇಕಾಗಿತ್ತು. ಸದಸ್ಯರ ಪೈಕಿ ಮಹಾಲಿಂಗಯ್ಯನವರು ತಮ್ಮ ಭಾವಮೈದನ ಹೆಸರು ಹೇಳಿದರು. ರಾಮಾಂಜಿನಯ್ಯ ತನ್ನ ಅಕ್ಕನ ಮಗನ ಹೆಸರು ಹೇಳಿದ. ಅದಕ್ಕೆ ಮುಂಚೆ ಯಾವ ಬೀದಿಗೆ ಟ್ಯೂಬ್‌ಲೈಟು ಎಂದು ಒಂದು ಗಂಟೆ ಜಗಳವಾಡಿ ಎಲ್ಲರ ಗಂಟಲೂ ಒಣಗಿತ್ತು, ಆದರೂ ಇದಕ್ಕೆ ಹೊಸ ಗಂಟಲು ತಂದುಕೊಂಡರು. ಒಬ್ಬರು ಎಲೆಅಡಿಕೆ ಉಗಿಯಲು ಎದ್ದು ಹೋಗುವುದು, ಇನ್ನೊಬ್ಬರು ಬೀಡಿ ಸೇದಲು ಹೋಗುವುದು, ಬಂದು ಮತ್ತೆ ಮೊದಲಿನಿಂದ ಶುರು ಮಾಡುವುದು.

ಆ ಎಂಟು ತಿಂಗಳೂ ಊರಿಗೆ ನೀರು ಬಿಡುತ್ತಿದ್ದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅಷ್ಟರಲ್ಲಿ ಚೌಡಪ್ಪನ ಹೆಂಡತಿ ಚಿಕ್ಕಮಾರಮ್ಮ, ಕೈಯಲ್ಲಿ ವಾಲ್ವು ತಿರುಗಿಸುವ ಕಬ್ಬಿಣದ ಕೀಲಿ ಹಿಡಿದುಕೊಂಡು, ಒದ್ದೆ ಸೆರಗಿನಲ್ಲಿ ಬಾಗಿಲಿಗೆ ಬಂದು ನಿಂತಳು. “ಮ್ಯಾಗಳ ಬೀದಿಗೆ ಬುಟ್ಟಿದೀನಿ ಸ್ವಾಮಿ. ಕೆಳಗಳ ಬೀದಿಯೋರು ಬಿಂದಿಗೆ ಇಟ್ಕೊಂಡು ಕಾಯ್ತಾವ್ರೆ, ಈಗ್ಲೇ ತಿರುಗಿಸ್ಲಾ, ಇಲ್ಲ ನಿಮ್ದು ಮುಗಿಯೋಗಂಟ ಕಾಯ್ಲಾ?” ಎಂದಳು. ಮಹಾಲಿಂಗಯ್ಯ ತಿರುಗಿ ಕೂಡ ನೋಡದೆ, “ಹೋಗಮ್ಮ, ಇಲ್ಲಿ ನೀರಿನ್ ವಿಷ್ಯಾನೇ ಮಾತಾಡ್ತಾ ಇದೀವಿ,” ಎಂದರು. ಆಕೆ ಹೋದಳು. ನೀವು ಚೀಟಿ ಬರೆಯುವುದನ್ನು ನಿಲ್ಲಿಸಿ ಬಾಗಿಲನ್ನೇ ನೋಡುತ್ತಿದ್ದಿರಿ. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಹೋಗಿರಲಿಲ್ಲ. ಬಸ್ಸು ಬಂತು. ಮುಂದಿನ ಸಭೆಗೆ ನೋಡೋಣ ಎಂದು ಎಲ್ಲರೂ ಸಹಿ ಹಾಕಿ ಎದ್ದರು.

ಆಗಸ್ಟಿನಲ್ಲಿ ಸಂಬಳದ ಬಿಲ್ಲು ನನ್ನ ಮುಂದಿಟ್ಟಿರಿ. ಚೌಡಪ್ಪನ ಹೆಸರಿರುವ ಕಡೆ ಚಿಕ್ಕಮಾರಮ್ಮನ ಹೆಸರಿತ್ತು. ಇದು ಯಾವಾಗ ತೀರ್ಮಾನವಾಯಿತು? ಕೇಳಲು ನಾಚಿಕೆ. ತಾನು ನಡೆಸಿದ ಸಭೆಯಲ್ಲಿ ಏನಾಯಿತೆಂದು ಗೊತ್ತಿಲ್ಲದ ಅಧ್ಯಕ್ಷೆ ಎಂದು ನೀವು ನಗುತ್ತೀರಲ್ಲ ಎಂದು ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ. ತಮಾಷೆ ಏನೆಂದರೆ, ಬೇರೆಯವರದೂ ಅದೇ ಕಥೆಯಂತೆ. ತಾನು ಬೀಡಿ ಸೇದಲು ಹೋದಾಗ ತೀರ್ಮಾನವಾಗಿರಬೇಕು ಎಂದು ರಾಮಾಂಜಿನಯ್ಯ ತಿಳಿದಿದ್ದ. ತಾನು ಎಲೆಅಡಿಕೆ ಉಗಿಯಲು ಹೋದಾಗ ಎಂದು ಮಹಾಲಿಂಗಯ್ಯ. ಇನ್ನೊಬ್ಬನ ಕಡೆಯವನಿಗಂತೂ ಸಿಗಲಿಲ್ಲವಲ್ಲ, ಅಷ್ಟು ಸಾಕು ಎಂದು ಇಬ್ಬರಿಗೂ ಸಮಾಧಾನ. ಹೀಗೆ ಹನ್ನೆರಡು ವರ್ಷ ಚಿಕ್ಕಮಾರಮ್ಮ ನೀರು ಬಿಟ್ಟಳು.

ನಾನೊಂದು ತಪ್ಪು ಮಾಡಿದೆ, ಹೇಳಿಬಿಡುತ್ತೇನೆ. ಅವಳ ಹತ್ತಿರ ನೀವು ಏನೋ ತಿಂದಿರಬೇಕು ಎಂದುಕೊಂಡೆ. ಕುಣಿಗಲ್ ಕಡೆಗೆ ವರ್ಗವಾಗಿ ನೀವು ಹೊರಟ ದಿನ ಬೆಳ್ಳಾವಿಯ ತವರುಮನೆಯಲ್ಲಿ ಕೆಲಸವಿದೆ ಎಂದು ನೆಪ ಹೇಳಿ ಹಾರ ಹಾಕಲು ಬರಲಿಲ್ಲ. ಯಾವ ಕೆಲಸವೂ ಇರಲಿಲ್ಲ. ಮನೆಯಲ್ಲೇ ರಾಗಿ ಕೇರುತ್ತಾ ಕೂತಿದ್ದೆ.

ಈ ವರ್ಷ ಪಂಚಾಯಿತಿ ನೌಕರರಿಗೆಲ್ಲ ಮೇಲಿನಿಂದ ಅನುಮೋದನೆ ಕೊಡುವ ಕೆಲಸ ಶುರುವಾಯಿತು. ನೇಮಕದ ತೀರ್ಮಾನ ನಡಾವಳಿ ಪುಸ್ತಕದಲ್ಲಿ ಇದ್ದವರಿಗೆ ಮಾತ್ರ. ಇಲ್ಲದವರು ಮನೆಗೆ. ಚಿಕ್ಕಮಾರಮ್ಮನಿಗೆ ಈಗ ಐವತ್ತಾಯಿತು. ಚೌಡಪ್ಪ ಹಾಸಿಗೆಯ ಮೇಲೇ ಇದ್ದಾನೆ. ಇದೊಂದು ಕೆಲಸ ಹೋದರೆ ಆ ಮನೆಗೆ ಬೇರೆ ದಾರಿ ಇಲ್ಲ. ಅಂಥ ಹೊತ್ತಿನಲ್ಲಿ ಯಾರೋ ಅರ್ಜಿ ಹಾಕಿದರು. ಜೂನ್ ಸಭೆಯ ಏಳನೇ ತೀರ್ಮಾನ, ಅಂದರೆ ಅವಳ ನೇಮಕ, ಆಮೇಲೆ ತುರುಕಿದ್ದು, ನಂಬಿಕೆಯಿಲ್ಲದಿದ್ದರೆ ಸಹಿ ಹಾಕಿದವರನ್ನೇ ಕೇಳಿ ಎಂದು. ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ನನಗೂ ಮಹಾಲಿಂಗಯ್ಯನಿಗೂ ಹೇಳಿಕಳಿಸಿದರು.

ಪುಸ್ತಕ ನನ್ನ ಮುಂದೆ ಬಿಚ್ಚಿಟ್ಟರು. ನಿಮ್ಮದೇ ಅಕ್ಷರ. ಆದರೆ ನಿಮ್ಮ ಅಕ್ಷರ ಯಾವಾಗಲೂ ಗುಂಡಗೆ, ಬಿಡಿಬಿಡಿಯಾಗಿ ಇರುತ್ತಿತ್ತು. ಅಲ್ಲಿ ಮಾತ್ರ ನಮ್ಮ ಸಹಿಗಳ ನೆತ್ತಿಗೆ ತಾಗುವ ಹಾಗೆ ಎರಡು ಸಾಲು ಒತ್ತಿ ಒತ್ತಿ ಬರೆದಿದ್ದಿರಿ. ಶಾಯಿಯೂ ಬೇರೆ. “ಈ ತೀರ್ಮಾನ ಆ ದಿನ ಸಭೆಯಲ್ಲಿ ಆಯ್ತೇನಮ್ಮಾ?” ಎಂದು ಅಧಿಕಾರಿ ಕೇಳಿದರು. ಹೌದು ಎಂದರೆ ಸುಳ್ಳು. ಇಲ್ಲ ಎಂದರೆ ಅವಳ ಅನ್ನ ಹೋಯಿತು, ನಿಮ್ಮ ಪಿಂಚಣಿಯೂ ನಿಂತಿತು. ಕಿಟಕಿಯಾಚೆ ಚಿಕ್ಕಮಾರಮ್ಮ ಅದೇ ಕೀಲಿ ಹಿಡಿದು ನಿಂತಿದ್ದಳು. ಸುಮ್ಮನೆ ಹೊತ್ತು ಕಳೆಯಲೆಂದು ಪುಟ ತಿರುವಿದೆ.

ಜುಲೈ ಸಭೆಯ ಪುಟ ಅದು. ಅಂಚಿನಲ್ಲೆಲ್ಲ ನನ್ನದೇ ಸಹಿಗಳು, ಪುಟ್ಟತಾಯಮ್ಮ, ಪುಟ್ಟತಾಯಮ್ಮ, ಪುಟ್ಟತಾಯಮ್ಮ. ನೋಡಿದ ತಕ್ಷಣ ಎಲ್ಲ ನೆನಪಾಯಿತು. ನನ್ನ ಸಹಿ ಒಂದೊಂದು ಸಲ ಒಂದೊಂದು ಥರ ಇರುತ್ತದೆಂದು ಬ್ಯಾಂಕಿನವರು ಚೆಕ್ಕು ವಾಪಸು ಕಳಿಸಿದ್ದರು. ಆ ಸಭೆಯಲ್ಲಿ ನೀವು ಹಿಂದಿನ ನಡಾವಳಿಯ ನಕಲು ಹಿಡಿದು ಓದುತ್ತಿರುವಾಗ ನಾನು ಎದುರಿಗಿದ್ದ ಪುಸ್ತಕದ ಅಂಚಿನಲ್ಲೇ ಸಹಿ ತಿದ್ದುತ್ತಾ ಕೂತಿದ್ದೆ. ನೀವು ನೋಡಿಯೂ ಬೈಯಲಿಲ್ಲ. ಆದರೆ ಒಂದು ಕಡೆ ಓದುವುದನ್ನು ನಿಲ್ಲಿಸಿ, ಕೆಮ್ಮಿ, ಒಂದು ಲೋಟ ನೀರು ಕುಡಿದಿರಿ. ಓದಿದ್ದನ್ನೇ ಇನ್ನೊಂದು ಸಲ ನಿಧಾನವಾಗಿ ಓದಿದಿರಿ. “ಯಾರದಾದ್ರೂ ಆಕ್ಷೇಪಣೆ ಇದ್ರೆ ಈಗ್ಲೇ ಹೇಳ್ಬೋದು. ಮೇಡಂ?” ಎಂದಿರಿ. ನಾನು ತಲೆ ಎತ್ತದೆ ಹ್ಞೂಂ ಎಂದೆ.

ಆ ಪುಟದ ಮೊದಲನೇ ವಿಷಯವನ್ನು ಅಧಿಕಾರಿಗೆ ತೋರಿಸಿದೆ. ಹಿಂದಿನ ಸಭೆಯ ನಡಾವಳಿಯನ್ನು ಓದಿ ಸ್ಥಿರಪಡಿಸಲಾಯಿತು ಎಂದಿತ್ತು. “ಸಾರ್, ಜೂನ್ ತಿಂಗಳಲ್ಲಿ ಇದು ಇತ್ಯರ್ಥ ಆಗಿರ್ಲಿಲ್ಲ, ಅದು ನಿಜ. ಜುಲೈನಲ್ಲಿ ಓದಿದ್ರು, ನಾವು ಒಪ್ಕೊಂಡ್ವಿ, ಅದೂ ನಿಜ. ಕೆಳಗೆ ನಮ್ಮ ಸಹಿ ಇದೆ,” ಎಂದೆ. ಅವರು ಮಹಾಲಿಂಗಯ್ಯನ ಕಡೆ ತಿರುಗಿದರು. ಅರ್ಜಿಯ ಹಿಂದೆ ಆತನೇ ಇದ್ದಾನೆ ಎಂದು ನನಗೆ ಅನುಮಾನವಿತ್ತು, ಇನ್ನು ಮುಗಿಯಿತು ಎಂದುಕೊಂಡೆ. ಆತ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ತನ್ನ ಸಹಿಯ ಮೇಲೆ ಬೆರಳಿಟ್ಟ. “ಓದಿದ್ರು ಸಾರ್. ಎರಡು ಸಲ ಓದಿದ್ರು. ಎಷ್ಟು ಸಲ ಓದ್ತೀರ, ಮುಂದಕ್ಕೋಗಿ ಅಂತ ನಾನೇ ರೇಗಿದ್ದೆ,” ಎಂದ. ಗುಂಡಯ್ಯನವರೇ, ಆ ಮನುಷ್ಯನ ಮೇಲೆ ನನಗೆ ಜೀವಮಾನದಲ್ಲಿ ಮೊದಲ ಸಲ ಗೌರವ ಬಂತು. ಅಧಿಕಾರಿ ನಮ್ಮಿಬ್ಬರ ಹೇಳಿಕೆಯನ್ನೂ ಬರೆದುಕೊಂಡು, ಇನ್ನು ಮುಂದೆ ಹೀಗೆ ಜಾಗ ಬಿಡಬೇಡಿ ಎಂದು ಈಗಿನ ಸೆಕ್ರೆಟರಿಗೆ ಬೈದು ಹೋದರು. ಹೋದ ವಾರ ಅನುಮೋದನೆ ಬಂತು. ಚಿಕ್ಕಮಾರಮ್ಮನ ಹೆಸರಿದೆ.

ಈಗ ನನ್ನ ಪ್ರಶ್ನೆ. ಸಭೆ ಮಾಡದ ತೀರ್ಮಾನವನ್ನು ನೀವು ಬರೆದಿರಿ, ಅದು ತಪ್ಪು. ನಮ್ಮ ಮುಂದೆ ಎರಡು ಸಲ ಓದಿ ಆಕ್ಷೇಪಣೆ ಕೇಳಿದಿರಿ, ಅಷ್ಟರಮಟ್ಟಿಗೆ ಪ್ರಾಮಾಣಿಕರು. ಒಂದು ಗುಂಡುಪಿನ್ನು ಕಡಿಮೆಯಾದರೂ ಹುಡುಕುತ್ತಿದ್ದ ಮನುಷ್ಯ ಯಾಕೆ ಹೀಗೆ ಮಾಡಿದರು? ಆ ದಿನ ಬಾಗಿಲಲ್ಲಿ ಅವಳನ್ನು ನೋಡಿದಾಗಲೇ ಮನಸ್ಸು ಮಾಡಿದಿರಾ? ನಾನೊಬ್ಬಳಾದರೂ ತಲೆ ಎತ್ತಿ ಬೇಡ ಎಂದಿದ್ದರೆ ಆ ಸಾಲು ಹೊಡೆದುಹಾಕುತ್ತಿದ್ದಿರಾ? ನಾನು ಕೇಳಿಸಿಕೊಂಡೇ ಹ್ಞೂಂ ಅಂದೆ ಎಂದುಕೊಂಡಿರಾ, ಇಲ್ಲವೇ ಕೇಳಿಸಿಕೊಳ್ಳುತ್ತಿಲ್ಲ ಎಂದು ಗೊತ್ತಿತ್ತಾ? ಚಿಕ್ಕಮಾರಮ್ಮನನ್ನು ಕೇಳಿದೆ, “ಗುಂಡಯ್ಯನೋರ್ಗೆ ಏನಾದ್ರೂ ಕೊಟ್ಟಿದ್ದೇನೇ?” ಅಂತ. “ಬಿಸಿಲಲ್ಲಿ ಬಂದವ್ರೆ ಅಂತ ಒಂದ್ ದಪ ಮಜ್ಜಿಗೆ ಕೊಡೋಕೋದೆ ತಾಯಕ್ಕ, ಮೊದ್ಲು ಕೆಳಗಳ ಬೀದಿಗೆ ನೀರು ಬುಡೋಗು ಅಂತ ಗದರಿಬುಟ್ರು,” ಎಂದಳು. ಅದನ್ನು ಕೇಳಿದ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಹಾರ ಹಾಕಲು ಬಾರದೆ ಹೋದದ್ದಕ್ಕೆ ಕ್ಷಮಿಸಿಬಿಡಿ.

ನಿಮಗೆ ಕಾಗದ ಬರೆಯುತ್ತೇನೆಂದು ಹೇಳಿದಾಗ ಅವಳು ಬೇರೇನೂ ಹೇಳಲಿಲ್ಲ. “ಅವರ ಮನೆ ನಲ್ಲೀಲಿ ನೀರು ಸರ್ಯಾಗಿ ಬತ್ತದಾ ಅಂತ ಒಂದ್ ಮಾತು ಕೇಳು ತಾಯಕ್ಕ,” ಎಂದಳು. ಅದಕ್ಕೂ ಉತ್ತರ ಬರೆಯಿರಿ.

ನಿಮಗೆ ಹೊಸ ಹಾಳೆ ಬೇಡ. ನನ್ನ ಸಹಿಯ ಮೇಲೆ ಎರಡು ಸಾಲು ಜಾಗ ಬಿಟ್ಟಿದ್ದೇನೆ. ಕಾರಣವನ್ನು ಅಲ್ಲೇ ಬರೆದು ಈ ಕಾಗದವನ್ನೇ ವಾಪಸು ಕಳಿಸಿ. ನೀವು ಏನು ಬರೆದರೂ ನನ್ನ ಒಪ್ಪಿಗೆಯಿದೆ, ಸಹಿ ಮೊದಲೇ ಹಾಕಿದ್ದೇನೆ. ಈ ಸಲ ಮಾತ್ರ ತಲೆ ಎತ್ತಿಕೊಂಡು ಓದುತ್ತೇನೆ. ದೇವರು ನಿಮ್ಮನ್ನೂ ಮನೆಯವರನ್ನೂ ಚೆನ್ನಾಗಿಟ್ಟಿರಲಿ.

.....................................................

.....................................................

ಪುಟ್ಟತಾಯಮ್ಮ