ಇವತ್ತ ಬೈಕ್ ತಗೀಬ್ಯಾಡ್ರಿ

ಏನ್ರಿ,

ಏಳರ ಬಸ್ಸಿಗೆ ಹಳಿಯಾಳಕ್ಕ ಟ್ರೇನಿಂಗಿಗೆ ಹೊಂಟೇನಿ. ನಿಮ್ಮನ್ನ ಎಬ್ಬಿಸಿ ಇದನ್ನ ಹೇಳಾಕ ಧೈರ್ಯ ಸಾಲಲಿಲ್ಲ. ರೊಟ್ಟಿ ಬುಟ್ಟಿಯೊಳಗ ಅದಾವು, ಪಲ್ಯ ಬಿಸಿ ಮಾಡ್ಕೊಳ್ರಿ. ಅತ್ತಿಯವರ ಮೊಣಕೈಗೆ ಇನ್ನೊಮ್ಮೆ ಮುಲಾಮು ಹಚ್ಚರಿ.

ನೀವು ಕೆಲಸಕ್ಕ ದಾಂಡೇಲಿಗೆ ಬಸ್ಸಿಗೇ ಹೋಗ್ರಿ. ನಗಬ್ಯಾಡ್ರಿ, ಪೂರಾ ಓದ್ರಿ.

ತಿಂಗಳದಾಗ ಕಾದಂಬರಿ ಮುಗಸೂ ಚಾಲೆಂಜ್ ಹಿಡದಾಗಿಂದ ದಿನಾ ಹತ್ತು ಹಾಳಿ ಬರೀಬೇಕು, ಹಿಂದ ತಿರುಗಿ ತಿದ್ದೂಹಂಗಿಲ್ಲ. ಹೆಸರು ಹುಡುಕಾಕ ಪುರಸೊತ್ತಿಲ್ಲಂತ ಮನ್ಯಾಗಿನವರ ಹೆಸರನ್ನೇ ಹಾಕ್ಕೋತ ಹೋದೆ. ಮೊನ್ನೆ ಕತಿಯೊಳಗ ಅತ್ತಿಯವರ ಹೆಸರಿನ ಈರಕ್ಕ ಹಿತ್ತಲ ಮೆಟ್ಟಲದಾಗ ಜಾರಿ ಬಿದ್ಲು. ನಿನ್ನೆ ಬೆಳಿಗ್ಗೆ ಅತ್ತಿಯವರು ಅದೇ ಮೆಟ್ಟಲದಾಗ ಜಾರಿದ್ರು.

ನಿಮ್ಮ ಹೆಸರು ಮಾತ್ರ ಇಪ್ಪತ್ತೊಂದು ದಿನಾ ಬರೀಲಿಲ್ಲ. ಗಂಡನ ಹೆಸರು ಹೇಳಬಾರದಂತ ಅತ್ತಿಯವರು ಕಲಿಸಿದ್ದು ಕೈಗೂ ರೂಢಿಯಾಗೈತಿ, ಬರೇ ‘ಅವರು’ ಅಂತ ಬರೀತಿದ್ದೆ. ನಿನ್ನೆ ಸಂಜೀಕ ಇನ್ನ ಎರಡು ಹಾಳಿ ಬಾಕಿ ಇದ್ವು. ಆ ಗಡಿಬಿಡ್ಯಾಗ ನಿಮ್ಮ ಹೆಸರು ಬಂದಬಿಡ್ತು. ಅದೂ ಎಲ್ಲಿ? ದಾಂಡೇಲಿ ರಸ್ತೇದ ತಿರುವಿನ್ಯಾಗ, ಬೈಕಿನ ಮ್ಯಾಲೆ, ಎದುರಿಗೆ ಲಾರಿ.

ಹುಚ್ಚಿ ಅನ್ರಿ, ಬೇಕಾದ್ರ ಬೈರಿ. ಬೈಕಿನ ಚಾವಿ ನನ್ನ ಚೀಲದಾಗ ಐತಿ, ಮನಿ ತುಂಬ ಹುಡುಕಬ್ಯಾಡ್ರಿ.

ನಿಯಮ ಮುರದು ಆ ಹಾಳಿ ಹರದು ನೀರಾಗ ನೆನಿಹಾಕೇನಿ. ನಿಮ್ಮ ಹೆಸರನ್ನ ಒಲಿಗೆ ಹಾಕಾಕ ಕೈ ಬರಲಿಲ್ಲ. ಆದ್ರ ನಾನು ಪೆನ್ನು ಒತ್ತಿ ಬರಿಯಾಕಿ. ಕೆಳಗಿನ ಖಾಲಿ ಹಾಳಿ ಮ್ಯಾಲೆ, ಇವತ್ತ ಬರೀಬೇಕಾದ ಜಾಗದಾಗ, ನಿಮ್ಮ ಹೆಸರಿನ ಅಚ್ಚು ಹಂಗೇ ಐತಿ.